ಒಂಬತ್ತು ಮಿಲಿಲೀಟರಿನ ಲೆಕ್ಕ

ತೀರ್ಥಹಳ್ಳಿ ದಾಟಿದ ಮೇಲೆ, ರಸ್ತೆಗೆ ಅಂಟಿಕೊಂಡಂತೆ ಒಂದು ತಗಡಿನ ಶೆಡ್ಡು. ಆಗಸ್ಟ್ ಮಳೆ ತಗಡಿನ ಮೇಲೆ ಒಂದೇ ಸಮನೆ ಬಡಿಯುತ್ತಿತ್ತು. ಒಳಗೆ ನನ್ನ ಹನ್ನೊಂದು ವರ್ಷದ ಕಾರು ಮುಂದಿನ ಎರಡೂ ಚಕ್ರ ಕಳಚಿಕೊಂಡು ಸ್ಟ್ಯಾಂಡಿನ ಮೇಲೆ ಕೂತಿತ್ತು.

"ಹೊಡಿ" ಅಂದರು ಮೇಸ್ತ್ರಿ, ಚಕ್ರದ ಪಕ್ಕದಿಂದಲೇ. ಸ್ಟೀರಿಂಗ್ ಹಿಂದೆ ಕೂತಿದ್ದ ಹುಡುಗ ಬ್ರೇಕ್ ಪೆಡಲನ್ನು ಮೂರು ಸಲ ತುಳಿದ.

"ಹಿಡಿ."

"ಹಿಡ್ದಿದೀನಣ್ಣ."

ಮೇಸ್ತ್ರಿ ಬ್ರೇಕಿನ ಗಾಳಿ ಬಿಡುವ ನಿಪ್ಪಲನ್ನು ಅರ್ಧ ಸುತ್ತು ಸಡಿಲಿಸಿದರು. ಪಾರದರ್ಶಕ ಪೈಪಿನೊಳಗೆ ಬ್ರೇಕ್ ಆಯಿಲ್ ಚಿಮ್ಮಿ ಬಾಟಲಿಗೆ ಇಳಿಯಿತು. ಒಂದೂ ಗುಳ್ಳೆ ಇಲ್ಲ. ನಿಪ್ಪಲ್ ಬಿಗಿದು "ಬಿಡು" ಎಂದರು. ಇದು ಮೂರನೆಯ ಸುತ್ತು. ನಾನೇ ಹೋಗಿ ಪೆಡಲ್ ಒತ್ತಿ ನೋಡಿದೆ. ನಾಟಿ ಗದ್ದೆಗೆ ಕಾಲಿಟ್ಟ ಹಾಗೆ ಪಾದ ಮೆಲ್ಲಗೆ ಒಳಗಿಳಿಯಿತು, ಮೊದಲಿನಂತೆಯೇ.

ಹಿಂದಿನ ವಾರ ಬೇರೊಂದು ಗ್ಯಾರೇಜಿನಲ್ಲಿ ಮುಂದಿನ ಬ್ರೇಕುಗಳನ್ನು ಬಿಚ್ಚಿಸಿ ರಬ್ಬರ್ ಕಿಟ್ ಬದಲಿಸಿದ್ದೆ. ಅಂದಿನಿಂದಲೇ ಪೆಡಲ್ ಹೀಗೆ. ಕಾರು ನಿಲ್ಲುತ್ತಿತ್ತು, ಹಾಗಾಗಿ ಇಷ್ಟು ದಿನ ದೂಡಿದ್ದೆ. ಆದರೆ ಅವತ್ತು ಹೋಗಬೇಕಾಗಿದ್ದುದು ಉಡುಪಿಗೆ, ಆಗುಂಬೆ ಘಾಟಿ ಇಳಿದು.

ಮೇಸ್ತ್ರಿ ಬಟ್ಟೆಯಲ್ಲಿ ಕೈ ಒರೆಸಿಕೊಂಡು ಹೇಳಿದರು: "ಗಾಳಿ ಇದೆ ಸಾರ್. ಹೊರಗೆ ಬರಕ್ಕೆ ಒಪ್ತಾ ಇಲ್ಲ."

ಆ ಗಾಳಿ ಎಲ್ಲಿ ಅಡಗಿತ್ತು, ಯಾಕೆ ಒಪ್ಪಲಿಲ್ಲ ಎಂಬುದನ್ನು ಅಧ್ಯಾಯದ ಕೊನೆಗೆ ಹೇಳುತ್ತೇನೆ. ಅದಕ್ಕೆ ಮೊದಲು ಒಂದು ಲೆಕ್ಕ ಮಾಡಬೇಕಿದೆ. ಮೆತ್ತಗಿನ ಪೆಡಲಿನ ಇಡೀ ರಹಸ್ಯ ಆ ಲೆಕ್ಕದಲ್ಲಿದೆ.

ನೂರು ಮಂದಿಯ ಬಲ

ಫ್ರಾನ್ಸಿನ ಬ್ಲೇಸ್ ಪಾಸ್ಕಲ್ ದ್ರವಗಳ ಸಮತೋಲದ ಬಗ್ಗೆ ಒಂದು ಪುಟ್ಟ ಗ್ರಂಥ ಬರೆದಿಟ್ಟಿದ್ದ. ಅದು ಅಚ್ಚಾಗಿದ್ದು ಅವನು ಸತ್ತ ಮರುವರ್ಷ, 1663ರಲ್ಲಿ. ಅದರಲ್ಲಿ ಅವನೊಂದು ಯಂತ್ರವನ್ನು ಕಲ್ಪಿಸಿಕೊಳ್ಳುತ್ತಾನೆ. ನೀರು ತುಂಬಿದ ಮುಚ್ಚಿದ ಪಾತ್ರೆ, ಅದಕ್ಕೆ ಎರಡು ಬಾಯಿ. ಒಂದು ಬಾಯಿಗಿಂತ ಇನ್ನೊಂದು ನೂರು ಪಟ್ಟು ದೊಡ್ಡದು, ಎರಡಕ್ಕೂ ಸರಿಯಾಗಿ ಕೂರುವ ಕೊಂತ, ಅಂದರೆ ಪಿಸ್ಟನ್. ಸಣ್ಣ ಕೊಂತವನ್ನು ಒಬ್ಬ ಒತ್ತಿದರೆ ದೊಡ್ಡ ಕೊಂತದ ಮೇಲೆ ನೂರು ಮಂದಿ ಒತ್ತಿದರೂ ಅವನಿಗೆ ಸರಿಸಮ. ಮುಚ್ಚಿದ ದ್ರವದ ಒಂದು ಕಡೆ ಹಾಕಿದ ಒತ್ತಡ ಎಲ್ಲ ಕಡೆಗೂ ಒಂದೇ ಪ್ರಮಾಣದಲ್ಲಿ ಹರಡುವುದರಿಂದ ಈ ಪವಾಡ.

ಪವಾಡಕ್ಕೆ ಬೆಲೆಯೂ ಇದೆ, ಅದನ್ನೂ ಪಾಸ್ಕಲ್ ಗುರುತಿಸಿದ್ದ. ಬಲ ನೂರು ಪಟ್ಟಾದರೆ ಚಲಿಸುವ ದೂರ ನೂರರಲ್ಲಿ ಒಂದು ಪಾಲು. ಸಣ್ಣ ಕೊಂತ ಒಂದು ಗೇಣು ಇಳಿದರೆ ದೊಡ್ಡದು ಎರಡು ಮಿಲಿಮೀಟರಿನಷ್ಟು ಏರುತ್ತದೆ. ದ್ರವ ಬಲವನ್ನು ಹೆಚ್ಚಿಸಬಲ್ಲದು, ಗಾತ್ರವನ್ನು ಮಾತ್ರ ಹೆಚ್ಚಿಸಲಾರದು.

1795ರಲ್ಲಿ ಇಂಗ್ಲೆಂಡಿನ ಜೋಸೆಫ್ ಬ್ರಾಮ ಇದೇ ತತ್ವದ ಮೇಲೆ ಹೈಡ್ರಾಲಿಕ್ ಪ್ರೆಸ್ಸಿಗೆ ಪೇಟೆಂಟ್ ಪಡೆದ. ಕಾರಿನ ಬ್ರೇಕಿಗೆ ಅದು ಬರಲು ಇನ್ನೂ ನೂರಿಪ್ಪತ್ತು ವರ್ಷ ಬೇಕಾಯಿತು. ಅಮೆರಿಕದ ಮಾಲ್ಕಮ್ ಲಾಕ್‌ಹೀಡ್ 1917ರಲ್ಲಿ ಹೈಡ್ರಾಲಿಕ್ ಬ್ರೇಕಿಗೆ ಪೇಟೆಂಟ್ ಪಡೆದ. 1921ರಲ್ಲಿ ಡ್ಯೂಸೆನ್‌ಬರ್ಗ್ ಕಂಪನಿಯ ಕಾರಿನ ನಾಲ್ಕೂ ಚಕ್ರಕ್ಕೆ ಅಂಥ ಬ್ರೇಕು ಬಂತು, 1924ರಲ್ಲಿ ಕ್ರೈಸ್ಲರ್ ಅದನ್ನು ಸಾಮಾನ್ಯರ ಕಾರಿಗೆ ತಂದಿತು. ಹೆನ್ರಿ ಫೋರ್ಡ್ ಮಾತ್ರ ಕೊಳವೆಯೊಳಗಿನ ದ್ರವವನ್ನು ನಂಬಲಿಲ್ಲ. ಸರಳು-ತಂತಿಗಳ ಬ್ರೇಕನ್ನೇ ಹಿಡಿದುಕೊಂಡು 1939ರಲ್ಲಿ ಕೊನೆಗೂ ಒಪ್ಪಿಕೊಂಡ. ಆ ಕಾಲದ ಬ್ರೇಕ್ ಆಯಿಲ್ ಎಂದರೆ ಬಹುಮಟ್ಟಿಗೆ ಹರಳೆಣ್ಣೆ ಮತ್ತು ಆಲ್ಕೊಹಾಲಿನ ಮಿಶ್ರಣ.

ಈಗ ಒಂದು ಮಾದರಿ ಕಾರನ್ನು ತೆಗೆದುಕೊಳ್ಳೋಣ. ಪೆಡಲ್ ಒಂದು ಸನ್ನೆಗೋಲು, ಬಲವನ್ನು ನಾಲ್ಕು ಪಟ್ಟು ಮಾಡುತ್ತದೆ. ನೀವು 20 ಕೆಜಿ ಭಾರ ಹಾಕಿ ತುಳಿದಿರಿ, ಅದು 80 ಆಯಿತು. ಎಂಜಿನ್ನಿನ ಹೀರುವಿಕೆಯಿಂದ ನಡೆಯುವ ಬೂಸ್ಟರ್ ಡಬ್ಬಿ ಅದಕ್ಕೆ ಇನ್ನೊಂದು 160 ಸೇರಿಸಿತು ಎಂದುಕೊಳ್ಳಿ, ಒಟ್ಟು 240 ಕೆಜಿ. ಇದು 20 ಮಿಲಿಮೀಟರ್ ವ್ಯಾಸದ ಮಾಸ್ಟರ್ ಸಿಲಿಂಡರಿನ ಪಿಸ್ಟನ್ನನ್ನು ಒತ್ತುತ್ತದೆ. ಆ ಪಿಸ್ಟನ್ನಿನ ಮುಖದ ವಿಸ್ತೀರ್ಣ 3.14 ಚದರ ಸೆಂಟಿಮೀಟರ್. ಹಾಗಾಗಿ ಒತ್ತಡ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 76 ಕೆಜಿ. ನಿಮ್ಮ ಟೈರಿನೊಳಗಿನ ಗಾಳಿಯ ಒತ್ತಡದ ಮೂವತ್ತೈದು ಪಟ್ಟು! ಮುಂದಿನ ಚಕ್ರದಲ್ಲಿ ಈ ಒತ್ತಡ ಡಿಸ್ಕನ್ನು ತಬ್ಬಿ ಕೂತ ಕ್ಯಾಲಿಪರಿನ 50 ಮಿಲಿಮೀಟರ್ ವ್ಯಾಸದ ಪಿಸ್ಟನ್ನಿನ ಮೇಲೆ ಬಿದ್ದಾಗ ಬ್ರೇಕ್ ಪ್ಯಾಡು ಡಿಸ್ಕಿಗೆ ಸುಮಾರು 1,500 ಕೆಜಿ ಬಲದಿಂದ ಅಂಟಿಕೊಳ್ಳುತ್ತದೆ. ಒಂದೇ ಚಕ್ರದಲ್ಲಿ, ಒಂದು ಸಣ್ಣ ಕಾರಿನ ತೂಕಕ್ಕಿಂತ ಹೆಚ್ಚು.

ಬಲದ ವಿಷಯದಲ್ಲಿ ಇಷ್ಟು ಶ್ರೀಮಂತವಾದ ಈ ಯಂತ್ರ ಗಾತ್ರದ ವಿಷಯದಲ್ಲಿ ಕಡುಬಡವ. ಪೆಡಲ್ ನೆಲ ಮುಟ್ಟುವವರೆಗೆ 12 ಸೆಂಟಿಮೀಟರ್ ಚಲಿಸಿದರೆ ಮಾಸ್ಟರ್ ಸಿಲಿಂಡರಿನ ಪಿಸ್ಟನ್ ಚಲಿಸುವುದು 3 ಸೆಂಟಿಮೀಟರ್. 3.14 ಗುಣಿಸು 3. ಅಂದರೆ ಒಂದು ಪೂರ್ತಿ ತುಳಿತಕ್ಕೆ ನಾಲ್ಕೂ ಚಕ್ರಗಳಿಗೆ ಸೇರಿ ಸಿಗುವ ಆಯಿಲ್ ಒಂಬತ್ತು ಮಿಲಿಲೀಟರಿಗಿಂತ ತುಸು ಹೆಚ್ಚು. ಮಕ್ಕಳ ಕೆಮ್ಮಿನ ಸಿರಪ್ಪಿನ ಎರಡು ಚಮಚ. ಅಷ್ಟೇ ನಿಮ್ಮ ಕಾಲಿನ ಜೇಬಿನಲ್ಲಿರುವ ಹಣ.

ಸುಸ್ಥಿತಿಯ ಕಾರಿನಲ್ಲಿ ಖರ್ಚು ಕಡಿಮೆ. ಮುಂದಿನ ಪ್ಯಾಡುಗಳಿಗೂ ಡಿಸ್ಕಿಗೂ ನಡುವಿನ ಸೂಕ್ಷ್ಮ ಸಂದು ಮುಚ್ಚಲು ಸುಮಾರು ಒಂದು ಮಿಲಿ. ಹಿಂದಿನ ಡ್ರಮ್ಮುಗಳ ಲೈನರ್ ಅಗಲಿಸಲು ಇನ್ನೊಂದು. ಹೋಸುಗಳು ತುಸು ಉಬ್ಬುವುದಕ್ಕೆ, ಆಯಿಲ್ ಕೂದಲೆಳೆಯಷ್ಟು ಕುಗ್ಗುವುದಕ್ಕೆ ಮತ್ತೊಂದು. ಮೂರು ಮಿಲಿಯಲ್ಲಿ ಕೆಲಸ ಮುಗಿದು, ಪೆಡಲ್ ನಾಲ್ಕು ಸೆಂಟಿಮೀಟರಿನೊಳಗೆ ಗೋಡೆಗೆ ತಾಗಿದಂತೆ ನಿಲ್ಲುತ್ತದೆ. ಉಳಿದ ಆರು ಮಿಲಿ ಆಪತ್ತಿಗೆ ಇಟ್ಟ ಗಂಟು.

ಪೆಡಲ್ ಮೆತ್ತಗಾಗಿದೆ ಎಂದರೆ ಯಾರೋ ಆ ಗಂಟಿಗೆ ಕೈಹಾಕಿದ್ದಾರೆ ಎಂದರ್ಥ. ಕೇಳಬೇಕಾದ ಪ್ರಶ್ನೆ ಒಂದೇ: ಮಿಲಿಲೀಟರುಗಳು ಎಲ್ಲಿ ಹೋಗುತ್ತಿವೆ?

ಗಾಳಿಯ ಉಣ್ಣೆ

ಪಾಸ್ಕಲ್ ತೀರಿಕೊಂಡದ್ದು 1662ರಲ್ಲಿ. ಅದೇ ವರ್ಷ ಇಂಗ್ಲೆಂಡಿನಲ್ಲಿ ರಾಬರ್ಟ್ ಬಾಯ್ಲ್ ಗಾಳಿಯ ಬಗ್ಗೆ ಒಂದು ನಿಯಮ ಪ್ರಕಟಿಸಿದ. ಒತ್ತಡ ದುಪ್ಪಟ್ಟಾದರೆ ಗಾಳಿಯ ಗಾತ್ರ ಅರ್ಧವಾಗುತ್ತದೆ, ಹತ್ತು ಪಟ್ಟಾದರೆ ಹತ್ತನೇ ಒಂದು. ಎರಡು ವರ್ಷ ಹಿಂದೆಯೇ ಅವನು ಗಾಳಿಯ ಸ್ಪ್ರಿಂಗಿನ ಗುಣದ ಮೇಲೆ ಪುಸ್ತಕ ಬರೆದಿದ್ದ. ಅದರಲ್ಲಿ ಗಾಳಿಯನ್ನು ಕುರಿಯ ಉಣ್ಣೆಯ ರಾಶಿಗೆ ಹೋಲಿಸಿದ್ದ. ಒತ್ತಿದರೆ ಕುಗ್ಗುತ್ತದೆ, ಬಿಟ್ಟರೆ ಉಬ್ಬುತ್ತದೆ. ಬ್ರೇಕ್ ಪೈಪಿನಲ್ಲಿ ಗಾಳಿ ಸೇರಿದ ಕಾರನ್ನು ಓಡಿಸಿದವರು ಈ ಹೋಲಿಕೆಗೆ ತಲೆದೂಗದೆ ಇರಲಾರರು.

ನಮ್ಮ ಮಾದರಿ ಕಾರಿನ ಪೈಪಿನೊಳಗೆ ಎರಡು ಮಿಲಿಲೀಟರ್ ಗಾಳಿ ಸಿಕ್ಕಿಕೊಂಡಿದೆ ಎನ್ನಿ, ಸುಮಾರು ನಲವತ್ತು ಹನಿ ನೀರಿನಷ್ಟು ಜಾಗ. ನೀವು ಪೆಡಲ್ ಒತ್ತುತ್ತೀರಿ. ಕೊಳವೆಯ ಒತ್ತಡ ವಾತಾವರಣಕ್ಕಿಂತ ಒಂದು ಪಟ್ಟು ಏರುವಷ್ಟರಲ್ಲಿ, ಅಂದರೆ ಬ್ರೇಕು ಇನ್ನೂ ಏನೂ ಹಿಡಿಯದ ಹಂತದಲ್ಲಿ, ಗಾಳಿ ಅರ್ಧವಾಗಿ ಒಂದು ಮಿಲಿ ಖಾಲಿ. ಒಂಬತ್ತು ಪಟ್ಟು ಏರಿದಾಗ ಉಳಿದಿರುವ ಗಾಳಿ 0.2 ಮಿಲಿ. 76ಕ್ಕೆ ಮುಟ್ಟುವಾಗ ಒಂದು ಹನಿಯೂ ಇಲ್ಲ. ನುಂಗಿಹೋದ ಎರಡು ಮಿಲಿಯನ್ನು ಪಿಸ್ಟನ್ನಿನ ವಿಸ್ತೀರ್ಣದಿಂದ ಭಾಗಿಸಿ ನಾಲ್ಕರಿಂದ ಗುಣಿಸಿದರೆ, ಪೆಡಲ್ ಎರಡೂವರೆ ಸೆಂಟಿಮೀಟರ್ ಹೆಚ್ಚು ಆಳಕ್ಕೆ ಇಳಿಯುತ್ತದೆ. ಮೊದಮೊದಲು ಹತ್ತಿಯ ದಿಂಬು, ಆಮೇಲೆ ತುಸು ಬಿಗಿ.

ಅದೇ ಜಾಗದಲ್ಲಿ ಆಯಿಲ್ ಇದ್ದಿದ್ದರೆ? ನೂರು ಮಿಲಿ ಬ್ರೇಕ್ ಆಯಿಲ್ ಅಷ್ಟೇ ಒತ್ತಡಕ್ಕೆ ಅರ್ಧ ಮಿಲಿಯೂ ಕುಗ್ಗುವುದಿಲ್ಲ. ನೂರು ಮಿಲಿ ಗಾಳಿಯಾದರೆ ಒಂದು ಚಿಲ್ಲರೆ ಮಿಲಿ ಉಳಿಯುತ್ತದೆ. ಪಾಸ್ಕಲನ ನಿಯಮ ಗಾಳಿ ಇರುವಲ್ಲೂ ಕೆಲಸ ಮಾಡುತ್ತದೆ, ಒತ್ತಡ ಎಲ್ಲೆಡೆಗೆ ಸಮನಾಗಿಯೇ ಹರಡುತ್ತದೆ. ಆದರೆ ಆ ಒತ್ತಡ ಹುಟ್ಟುವ ಮೊದಲೇ ಬಾಯ್ಲನ ಉಣ್ಣೆ ನಿಮ್ಮ ಗಂಟಿನಿಂದ ತನ್ನ ಪಾಲು ಕಿತ್ತುಕೊಂಡಿರುತ್ತದೆ.

ಮೆತ್ತಗಿನ ಪೆಡಲನ್ನು ಪಟಪಟನೆ ಎರಡು-ಮೂರು ಸಲ ತುಳಿದರೆ ಗಟ್ಟಿಯಾಗುವುದೂ ಇದೇ ಲೆಕ್ಕದಿಂದ. ಪೆಡಲ್ ಬಿಟ್ಟಾಗ ಮಾಸ್ಟರ್ ಸಿಲಿಂಡರಿನ ಪಿಸ್ಟನ್ ವೇಗವಾಗಿ ಹಿಂದೆ ಬರುತ್ತದೆ, ಚಕ್ರಗಳಿಂದ ಆಯಿಲ್ ಅಷ್ಟು ಬೇಗ ಮರಳುವುದಿಲ್ಲ. ಆ ಖಾಲಿ ಜಾಗಕ್ಕೆ ಮೇಲಿನ ಬ್ರೇಕ್ ಆಯಿಲ್ ಡಬ್ಬಿಯಿಂದ ಹೊಸ ಆಯಿಲ್ ಇಳಿಯುತ್ತದೆ. ಎರಡನೆಯ ತುಳಿತಕ್ಕೆ ಹೊಸದಾಗಿ ಒಂಬತ್ತು ಮಿಲಿ! ಅದು ಕೈಸಾಲ. ಅರೆಕ್ಷಣ ಪೆಡಲ್ ಬಿಟ್ಟರೆ ತೀರಿಹೋಗುತ್ತದೆ. "ಎರಡು ಸಲ ಹೊಡೆದರೆ ಸರಿ ಹೋಗುತ್ತೆ" ಎಂದು ವರ್ಷಗಟ್ಟಲೆ ಓಡಿಸುವವರು ಈ ಸಾಲದ ಮೇಲೆ ಬದುಕುತ್ತಿದ್ದಾರೆ. ಎದುರಿಗೆ ಮಗುವೊಂದು ಅಡ್ಡ ಓಡಿ ಬಂದಾಗ ಎರಡನೆಯ ತುಳಿತಕ್ಕೆ ಸಮಯ ಇರುವುದಿಲ್ಲ.

ಕಾಲಿನ ನಾಡಿ ಪರೀಕ್ಷೆ

ಗಾಳಿಯೊಂದೇ ಕಳ್ಳನಲ್ಲ. ಬೇರೆ ಬೇರೆ ಕಳ್ಳರು ಬೇರೆ ಬೇರೆ ಹೆಜ್ಜೆಗುರುತು ಬಿಡುತ್ತಾರೆ, ಅವನ್ನು ಪಾದವೇ ಓದಬಲ್ಲದು. ಕಾರು ನಿಂತಿರಲಿ, ಎಂಜಿನ್ ಓಡುತ್ತಿರಲಿ, ಪೆಡಲ್ ಒತ್ತಿ ನೋಡಿ.

ಪೆಡಲ್ ದಿಂಬಿನಂತೆ ಕುಗ್ಗಿ, ಪಂಪ್ ಹೊಡೆದಾಗ ಮೇಲೆ ಬಂದು ಗಟ್ಟಿಯಾದರೆ ಮೊದಲ ಅನುಮಾನ ಗಾಳಿಯ ಮೇಲೆ.

ಪೆಡಲ್ ಆಳಕ್ಕೆ ಹೋಗುತ್ತದೆ, ಆದರೆ ಕೊನೆಯಲ್ಲಿ ದಿಂಬಿಲ್ಲ, ಟಕ್ಕನೆ ಗಟ್ಟಿ ಸಿಗುತ್ತದೆ, ಪಂಪ್ ಹೊಡೆದರೆ ಮೇಲೇರುತ್ತದೆ. ಆಗ ಹಿಂದಿನ ಡ್ರಮ್ಮುಗಳ ಲೈನರ್ ಸವೆದು ಸಂದು ದೊಡ್ಡದಾಗಿರಬಹುದು. ಹಿಂದಿನ ಸಿಲಿಂಡರಿನ ಒಂದೊಂದು ಪಿಸ್ಟನ್ ಒಂದು ಮಿಲಿಮೀಟರಿನ ಬದಲು ಮೂರು ಮಿಲಿಮೀಟರ್ ಚಲಿಸಬೇಕಾಗಿ ಬಂದರೆ ನಮ್ಮ ಮಾದರಿ ಕಾರಿನಲ್ಲಿ ಹೆಚ್ಚುಕಡಿಮೆ ಎರಡು ಮಿಲಿ ಅಲ್ಲೇ ಹೋಯಿತು. ಗಾಳಿ ತೆಗೆಯಲು ದಿನವಿಡೀ ಕೂತರೂ ಇದು ಸರಿಹೋಗದು. ಬೇಕಾದ್ದು ಲೈನರ್ ಅಡ್ಜಸ್ಟ್‌ಮೆಂಟ್.

ಪೆಡಲನ್ನು ಒಂದೇ ಭಾರದಲ್ಲಿ ಒತ್ತಿ ಹಿಡಿದಿದ್ದೀರಿ, ಅದು ಗಡಿಯಾರದ ಮುಳ್ಳಿನಂತೆ ಮೆಲ್ಲಗೆ ನೆಲದತ್ತ ಜಾರುತ್ತಿದೆ. ಇಲ್ಲಿ ಆಯಿಲ್ ಎಲ್ಲೋ ತಪ್ಪಿಸಿಕೊಳ್ಳುತ್ತಿದೆ. ಚಕ್ರದ ಒಳಮುಖದಲ್ಲೋ ಪೈಪಿನ ಕೀಲಿನಲ್ಲೋ ಜಿನುಗು ಕಂಡರೆ ಅದು ಹೊರಸೋರಿಕೆ. ಎಲ್ಲೂ ಒದ್ದೆಯಿಲ್ಲ, ಡಬ್ಬಿಯ ಮಟ್ಟವೂ ಇಳಿದಿಲ್ಲ ಎಂದಾದರೆ ಮಾಸ್ಟರ್ ಸಿಲಿಂಡರಿನೊಳಗಿನ ರಬ್ಬರ್ ವಾಷರ್ ಸವೆದು, ಆಯಿಲ್ ಪಿಸ್ಟನ್ನಿನ ಹಿಂದಕ್ಕೆ ನುಸುಳುತ್ತಿದೆ. ಈ ಕಾರನ್ನು ಓಡಿಸಿಕೊಂಡು ಗ್ಯಾರೇಜಿಗೆ ಹೋಗಬೇಡಿ, ಎಳೆಸಿಕೊಂಡು ಹೋಗಿ.

ಗಾಳಿ ಇಲ್ಲ, ಸೋರಿಕೆ ಇಲ್ಲ, ಲೈನರ್ ಸರಿಯಿದೆ. ಪಂಪ್ ಹೊಡೆದರೂ ಬಿಟ್ಟರೂ ಪೆಡಲ್ ಒಂದೇ ತೆರನಾಗಿ ರಬ್ಬರಿನಂತಿದೆ. ಆಗ ಚಕ್ರಗಳ ಬಳಿಯ ಹೋಸುಗಳನ್ನು ಬೆರಳಿಂದ ಮುಟ್ಟಿ ನೋಡಿ. ಉಕ್ಕಿನ ಪೈಪು ಚಕ್ರದ ಕುಣಿತಕ್ಕೆ ಬಗ್ಗುವುದಿಲ್ಲವೆಂದು ಕೊನೆಯ ಅರ್ಧ ಮೀಟರಿನಷ್ಟು ಕಡೆ ನೇಯ್ದ ನೂಲು ಹೂತ ರಬ್ಬರ್ ಹೋಸ್ ಹಾಕಿರುತ್ತಾರೆ. ಹಳೆಯದಾದಂತೆ ನೂಲು ಸಡಿಲವಾಗಿ, ಒತ್ತಡ ಬಿದ್ದಾಗ ಹೋಸು ಬೇಟೆ ನುಂಗಿದ ಹೆಬ್ಬಾವಿನಂತೆ ಉಬ್ಬುತ್ತದೆ. ಒಬ್ಬರು ಪೆಡಲ್ ಒತ್ತಿದಾಗ ಇನ್ನೊಬ್ಬರ ಬೆರಳಿಗೆ ಆ ಉಬ್ಬು ತಿಳಿಯುತ್ತದೆ. ಬಿರುಕು ಬಿಟ್ಟ, ಉಬ್ಬಿದ ಹೋಸಿಗೆ ರಿಪೇರಿ ಎಂಬುದಿಲ್ಲ.

ಎಷ್ಟೋ ಜನ ಗಾಬರಿಯಾಗುವ ಇನ್ನೊಂದು ಲಕ್ಷಣ ರೋಗವೇ ಅಲ್ಲ. ಎಂಜಿನ್ ಆರಿಸಿ ನಾಲ್ಕೈದು ಸಲ ಪೆಡಲ್ ತುಳಿದರೆ ಅದು ಕಲ್ಲಾಗುತ್ತದೆ. ಕಾಲು ತೆಗೆಯದೆ ಎಂಜಿನ್ ಚಾಲೂ ಮಾಡಿದರೆ ಪೆಡಲ್ ತುಸು ಕೆಳಗಿಳಿಯುತ್ತದೆ. ಬೂಸ್ಟರ್ ನೆಟ್ಟಗಿದೆ ಎಂಬುದಕ್ಕೆ ಅದೇ ಸಾಕ್ಷಿ.

ಒಂದು ಹಂಡೆ ಬಿಸಿನೀರು

ಕೊನೆಯ ಕಳ್ಳ ಎಲ್ಲರಿಗಿಂತ ಜಾಣ. ಊರಿನ ರಸ್ತೆಯಲ್ಲಿ ಪತ್ತೆಯೇ ಇರುವುದಿಲ್ಲ, ಘಾಟಿಯ ಅರ್ಧದಲ್ಲಿ ಬರುತ್ತಾನೆ.

ಆಗುಂಬೆಯಿಂದ ಸೋಮೇಶ್ವರಕ್ಕೆ ಹದಿನಾಲ್ಕು ಹಿಮ್ಮುರಿ ತಿರುವುಗಳನ್ನು ಇಳಿಯಬೇಕು. ಜನ, ಸಾಮಾನು ಸೇರಿ 1,200 ಕೆಜಿ ತೂಗುವ ಕಾರು 500 ಮೀಟರ್ ಎತ್ತರ ಇಳಿದರೆ ಕಳೆದುಕೊಳ್ಳುವ ಸ್ಥಾನಶಕ್ತಿ ಸುಮಾರು 59 ಲಕ್ಷ ಜೂಲ್. ಗೇರನ್ನು ನ್ಯೂಟ್ರಲ್ಲಿಗೆ ತಳ್ಳಿ, ಬರೀ ಬ್ರೇಕಿನ ಮೇಲೆ ಇಳಿದರೆ ಅದರ ಬಹುಪಾಲು ಡಿಸ್ಕು, ಡ್ರಮ್ಮುಗಳಲ್ಲಿ ಶಾಖವಾಗಬೇಕು. ಎಷ್ಟು ಶಾಖ? ಹದಿನೆಂಟು ಲೀಟರ್ ತಣ್ಣೀರು ಕುದಿಯ ಮಟ್ಟಕ್ಕೆ ಬರುವಷ್ಟು. ಮಲೆನಾಡಿನ ಬಚ್ಚಲೊಲೆಯ ಮೇಲಿನ ಒಂದು ಸಣ್ಣ ಹಂಡೆಯನ್ನು ನಾಲ್ಕು ಚಕ್ರಗಳ ನಡುವೆ ಹಂಚಿ ಕಾಯಿಸಿದಂತೆ. ಸಂದಿನಲ್ಲಿ ಬೀಸುವ ಗಾಳಿ ಸ್ವಲ್ಪ ಶಾಖ ಒಯ್ಯುತ್ತದೆ. ಉಳಿದದ್ದು ಪ್ಯಾಡಿನ ಮೂಲಕ ಕ್ಯಾಲಿಪರಿಗೆ, ಅಲ್ಲಿಂದ ಅದರೊಳಗಿನ ಆಯಿಲಿಗೆ.

ಅಂಗಡಿಯಲ್ಲಿ ಸಿಗುವ ಬಾಟಲಿಯ ಮೇಲೆ ಡಾಟ್ 3, ಡಾಟ್ 4 ಎಂದು ಬರೆದಿರುತ್ತದೆ. ಹೊಸ ಡಾಟ್ 3 ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು, ಡಾಟ್ 4 ಕನಿಷ್ಠ 230ರವರೆಗೆ. ಇದು ಒಣ ಆಯಿಲಿನ ಮಾತು. ಗ್ಲೈಕಾಲ್ ಜಾತಿಯ ಈ ದ್ರವಕ್ಕೆ ಉಪ್ಪಿನಂತೆ ತೇವ ಹೀರುವ ಗುಣ. ಮುಚ್ಚಳದ ಉಸಿರುಗಂಡಿಯಿಂದ, ರಬ್ಬರ್ ಹೋಸಿನ ಮೈಯಿಂದಲೂ ತೇವ ಅದರೊಳಗೆ ಇಳಿಯುತ್ತದೆ. ನೂರಕ್ಕೆ 3.7 ಭಾಗ ನೀರು ಸೇರಿದ ಡಾಟ್ 3 ಆಯಿಲಿಗೆ ಮಾನಕ ಕೇಳುವುದು 140 ಡಿಗ್ರಿ ಮಾತ್ರ, ಡಾಟ್ 4ಕ್ಕೆ 155. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಕಾಣುವ ಆಗುಂಬೆಯ ಸೀಮೆಯಲ್ಲಿ ಉಪ್ಪಿನ ಭರಣಿ ನೀರೊಡೆಯುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ.

ಹಾಗಾದರೆ ನೀರು ಹೀರದ ಎಣ್ಣೆಯನ್ನೇ ಯಾಕೆ ಹಾಕಬಾರದು? ಹೀರದಿದ್ದರೂ ನೀರು ಬರುವುದು ತಪ್ಪದು. ಬಂದ ನೀರು ಆಯಿಲಿನಲ್ಲಿ ಕರಗದೆ, ಅದಕ್ಕಿಂತ ಭಾರವಾಗಿ, ಅತ್ಯಂತ ತಗ್ಗಿನ ಜಾಗದಲ್ಲಿ ಕೂರುತ್ತದೆ. ಆ ತಗ್ಗೇ ಕ್ಯಾಲಿಪರ್, ಅತ್ಯಂತ ಬಿಸಿಯಾಗುವ ಜಾಗವೂ ಅದೇ. ಅಲ್ಲಿ ತುಕ್ಕು ಹಿಡಿಸುತ್ತಾ, ನೂರು ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ನೀರನ್ನು ತನ್ನಲ್ಲಿ ಕರಗಿಸಿಕೊಂಡು ಹಂಚುವ ಗ್ಲೈಕಾಲ್ ಈ ಅಪಾಯವನ್ನು ಮುಂದೂಡುತ್ತದೆ. ಮುಂದೂಡುತ್ತದೆ ಅಷ್ಟೇ, ಆದ್ದರಿಂದಲೇ ಬಹಳಷ್ಟು ತಯಾರಕರು ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸಲು ಹೇಳುತ್ತಾರೆ.

ಕುದಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಒಂಬತ್ತು ಮಿಲಿಗೇ ಮರಳಬೇಕು. ಒಂದು ಹನಿ ನೀರು ಆವಿಯಾದರೆ ಸಾಮಾನ್ಯ ಒತ್ತಡದಲ್ಲಿ ಎಂಬತ್ತು ಮಿಲಿಲೀಟರಿಗೂ ಹೆಚ್ಚು ಜಾಗ ಬೇಡುತ್ತದೆ. ಅದರ ಹತ್ತರಲ್ಲಿ ಒಂದು ಪಾಲು ಆವಿಯಾದರೂ ನಿಮ್ಮ ಇಡೀ ಗಂಟು ಬರಿದು. ಆ ಆವಿ ಆಯಿಲನ್ನು ಮೇಲಿನ ಡಬ್ಬಿಗೆ ಹಿಂದಕ್ಕೆ ತಳ್ಳಿರುತ್ತದೆ. ಮುಂದಿನ ತಿರುವಿನಲ್ಲಿ ಪೆಡಲ್ ಒತ್ತಿದಾಗ ಕಾಲು ನೇರ ನೆಲಕ್ಕೆ. ಅರ್ಧ ಗಂಟೆ ನಿಲ್ಲಿಸಿ ನೋಡಿದರೆ ಆವಿ ತಣಿದು ದ್ರವವಾಗಿ ಪೆಡಲ್ ಮತ್ತೆ ಗಟ್ಟಿ! "ಏನೂ ಆಗಿಲ್ಲ, ಸುಮ್ಮನೆ ಹೆದರಿದೆವು" ಎಂದು ಮುಂದೆ ಹೋಗುವವರು ಅದೇ ಆಯಿಲನ್ನು ಮುಂದಿನ ಘಾಟಿಗೂ ಒಯ್ಯುತ್ತಾರೆ.

ಇದನ್ನು ಇನ್ನೊಂದು ಘಾಟಿಯ ಕಾಯಿಲೆಯ ಜೊತೆ ಬೆರೆಸಬೇಡಿ. ಪೆಡಲ್ ಗಟ್ಟಿಯಾಗಿಯೇ ಇದೆ, ಸುಟ್ಟ ವಾಸನೆ ಬರುತ್ತಿದೆ, ಕಾರು ಮಾತ್ರ ನಿಲ್ಲುತ್ತಿಲ್ಲ ಎಂದರೆ ಅಲ್ಲಿ ಸೋತಿರುವುದು ಕಾದು ಹಿಡಿತ ಕಳೆದುಕೊಂಡ ಪ್ಯಾಡು. ಎರಡಕ್ಕೂ ಮದ್ದು ಒಂದೇ, ಹಳೆಯ ಚಾಲಕರ ನಿಯಮ: ಏರಲು ಯಾವ ಗೇರು ಬೇಕೋ ಅದೇ ಗೇರಿನಲ್ಲಿ ಇಳಿಯಬೇಕು. ಹಂಡೆಯ ದೊಡ್ಡ ಪಾಲು ಆಗ ಎಂಜಿನ್ನಿನಲ್ಲಿ ಕಾಯುತ್ತದೆ.

ಹೊಡಿ, ಹಿಡಿ, ಬಿಡು

ಗಾಳಿ ತೆಗೆಯುವುದು ಮತ್ತು ಆಯಿಲ್ ಬದಲಿಸುವುದು ಬಹುಪಾಲು ಒಂದೇ ಕೆಲಸ. ಬೇಕಾದ್ದು ನಿಪ್ಪಲಿಗೆ ಹೊಂದುವ ರಿಂಗ್ ಸ್ಪಾನರ್, ಒಂದು ಪಾರದರ್ಶಕ ಪೈಪು, ತಳದಲ್ಲಿ ಸ್ವಲ್ಪ ಆಯಿಲ್ ಇರುವ ಬಾಟಲಿ, ಸೀಲ್ ಒಡೆಯದ ಹೊಸ ಆಯಿಲ್, ಒಬ್ಬ ನಂಬಿಕಸ್ತ ಜೊತೆಗಾರ. ಕಳೆದ ಮಳೆಗಾಲದಲ್ಲಿ ತೆರೆದು ಅರ್ಧ ಉಳಿಸಿಟ್ಟ ಬಾಟಲಿ ಇಷ್ಟರಲ್ಲಿ ನೀರು ಕುಡಿದಿರುತ್ತದೆ, ಅದು ಬೇಡ. ಕಾರನ್ನು ಜಾಕ್ ಒಂದರ ಮೇಲೆಯೇ ಬಿಡಬಾರದು, ಸ್ಟ್ಯಾಂಡ್ ಕೊಡಬೇಕು. ಎಂಜಿನ್ ಆರಿರಬೇಕು.

ಸಾಮಾನ್ಯ ಕ್ರಮದಲ್ಲಿ ಮಾಸ್ಟರ್ ಸಿಲಿಂಡರಿನಿಂದ ಅತಿ ದೂರದ ಚಕ್ರ ಮೊದಲು. ನಮ್ಮ ಬಲಬದಿ ಸ್ಟೀರಿಂಗಿನ ಕಾರುಗಳಲ್ಲಿ ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಮುಂದಿನ ಬಲ. ಕೆಲವು ಕಾರುಗಳಲ್ಲಿ ಪೈಪುಗಳು ಮೂಲೆಯಿಂದ ಮೂಲೆಗೆ ಹಂಚಿರುವುದರಿಂದ ಕ್ರಮ ಬೇರೆ ಇರುತ್ತದೆ, ಕಾರಿನ ಕೈಪಿಡಿಯ ಮಾತೇ ಅಂತಿಮ.

ಜೊತೆಗಾರ ಪೆಡಲನ್ನು ನಿಧಾನವಾಗಿ ಮೂರು ಸಲ ಒತ್ತಿ ಹಿಡಿಯುತ್ತಾನೆ. ನೀವು ನಿಪ್ಪಲ್ ಸಡಿಲಿಸುತ್ತೀರಿ, ಗುಳ್ಳೆ ಬೆರೆತ ಆಯಿಲ್ ಹೊರಬರುತ್ತದೆ, ಅವನ ಪೆಡಲ್ ಕೆಳಗಿಳಿಯುತ್ತದೆ. ನೀವು ನಿಪ್ಪಲ್ ಬಿಗಿದು "ಬಿಡು" ಎನ್ನುವ ತನಕ ಅವನು ಕಾಲೆತ್ತಬಾರದು. ಎತ್ತಿದರೆ ಹೊರಟ ಗಾಳಿ ನಿಪ್ಪಲಿನಿಂದಲೇ ಒಳಗೆ ಮರಳುತ್ತದೆ. ಗುಳ್ಳೆ ನಿಂತು ತಿಳಿ ಆಯಿಲ್ ಬರುವವರೆಗೆ ಇದೇ ಸುತ್ತು. ನಡುನಡುವೆ ಮೇಲಿನ ಡಬ್ಬಿಯ ಮಟ್ಟ ಕನಿಷ್ಠ ಗೆರೆಗಿಂತ ಇಳಿಯದಂತೆ ಸುರಿಯುತ್ತಿರಬೇಕು. ಡಬ್ಬಿ ಬರಿದಾದರೆ ಮಾಸ್ಟರ್ ಸಿಲಿಂಡರೇ ಗಾಳಿ ಕುಡಿದು ಕೆಲಸ ಮೊದಲಿನಿಂದ ಶುರು.

ಹಳೆಯ ಕಾರಾದರೆ ಪೆಡಲಿನ ಕೆಳಗೆ ಒಂದು ಮರದ ತುಂಡು ಇಡುವುದು ಲೇಸು. ಪಿಸ್ಟನ್ ವರ್ಷಗಳಿಂದ ಸಿಲಿಂಡರಿನ ಮೊದಲ ಅರ್ಧದಲ್ಲಷ್ಟೇ ಓಡಾಡಿರುತ್ತದೆ, ಉಳಿದ ಭಾಗದಲ್ಲಿ ತುಕ್ಕು, ಕೊಳೆ ಕೂತಿರುತ್ತದೆ. ಗಾಳಿ ತೆಗೆಯುವ ಭರದಲ್ಲಿ ಪೆಡಲನ್ನು ನೆಲಕ್ಕೆ ಒತ್ತಿದರೆ ರಬ್ಬರ್ ವಾಷರ್ ಆ ಒರಟು ಮೈಗೆ ಉಜ್ಜಿ ಹರಿಯುತ್ತದೆ. "ಏರ್ ತೆಗೆಸಕ್ಕೆ ಹೋಗಿ ಮಾಸ್ಟರ್ ಸಿಲಿಂಡರ್ ಹೋಯ್ತು" ಎಂಬ ದೂರಿನ ಹಿಂದೆ ಹಲವು ಸಲ ಇರುವುದು ಇದೇ. ಚೆಲ್ಲಿದ ಆಯಿಲ್ ಪೇಂಟನ್ನು ಕಿತ್ತುಹಾಕುತ್ತದೆ, ತಕ್ಷಣ ನೀರು ಹಾಕಿ ತೊಳೆಯಬೇಕು. ಇನ್ನು ಡಬ್ಬಿಗೆ ಎಂಜಿನ್ ಆಯಿಲನ್ನು ತಪ್ಪಿಯೂ ಸುರಿಯಬಾರದು. ಖನಿಜ ತೈಲ ತಾಗಿದರೆ ಬ್ರೇಕಿನ ರಬ್ಬರುಗಳೆಲ್ಲ ಊದಿಕೊಂಡು ಕೆಟ್ಟುಹೋಗುತ್ತವೆ.

2019ರ ಏಪ್ರಿಲ್‌ನಿಂದ ಭಾರತದಲ್ಲಿ ಹೊಸ ಕಾರುಗಳಿಗೆ, ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಎಬಿಎಸ್ ಕಡ್ಡಾಯವಾಗಿದೆ. ಅದರ ಕವಾಟಗಳ ಪೆಟ್ಟಿಗೆಯೊಳಗೆ ಗಾಳಿ ಹೊಕ್ಕರೆ ಬರೀ ಪೆಡಲ್ ತುಳಿದು ಹೊರತರುವುದು ಕಷ್ಟ. ಸ್ಕ್ಯಾನರ್ ಜೋಡಿಸಿ ಕವಾಟಗಳನ್ನು ತೆರೆದು ಮುಚ್ಚಿಸಬೇಕಾಗುತ್ತದೆ, ಅದು ಗ್ಯಾರೇಜಿನ ಕೆಲಸ.

ಮೇಲಿರಬೇಕಾದ ಬಾಯಿ

ಮತ್ತೆ ತೀರ್ಥಹಳ್ಳಿಯ ಶೆಡ್ಡಿಗೆ. ಪಂಪ್ ಹೊಡೆದರೆ ಪೆಡಲ್ ಗಟ್ಟಿಯಾಗುತ್ತಿತ್ತು, ಅಂದರೆ ಗಾಳಿ. ನಿಪ್ಪಲಿನಿಂದ ಬರುತ್ತಿದ್ದುದು ಮಾತ್ರ ಗುಳ್ಳೆಯಿಲ್ಲದ ತಿಳಿ ಆಯಿಲ್. ಮೇಸ್ತ್ರಿ ಟಾರ್ಚ್ ಹಿಡಿದು ಕ್ಯಾಲಿಪರನ್ನು ಒಂದು ನಿಮಿಷ ನೋಡಿದರು, ಎದ್ದು ಇನ್ನೊಂದು ಬದಿಗೆ ಹೋಗಿ ಅದನ್ನೂ ನೋಡಿದರು. ಆಮೇಲೆ ನಕ್ಕರು.

"ಸಾರ್, ನಿಪ್ಪಲ್ ಎಲ್ಲಿದೆ ನೋಡಿ."

ಕೆಳಗಿತ್ತು. ಎರಡೂ ಚಕ್ರದಲ್ಲಿ ನಿಪ್ಪಲ್ ಕ್ಯಾಲಿಪರಿನ ತಳದಲ್ಲಿತ್ತು, ಆಯಿಲ್ ಹೋಸ್ ಕೂರುವ ರಂಧ್ರ ಅದರ ಮೇಲೆ. ಹಿಂದಿನ ವಾರ ಕಿಟ್ ಹಾಕಿದವರು ಎಡಗಡೆಯ ಕ್ಯಾಲಿಪರನ್ನು ಬಲಕ್ಕೂ ಬಲಗಡೆಯದನ್ನು ಎಡಕ್ಕೂ ಕೂರಿಸಿದ್ದರು. ಬೋಲ್ಟುಗಳು ಸರಿಯಾಗಿ ಕೂತಿದ್ದವು, ಪ್ಯಾಡು ಸರಿಯಾಗಿತ್ತು, ಸೋರಿಕೆಯೂ ಇರಲಿಲ್ಲ. ಎರಡೂ ಕನ್ನಡಿಯ ಬಿಂಬದಂತಿರುವ ತುಂಡುಗಳು. ಅದಲುಬದಲಾದಾಗ ಮೇಲಿನ ಬಾಯಿ ಕೆಳಕ್ಕೆ ಬಂತು.

ಗುಳ್ಳೆ ಹಗುರ, ದ್ರವದಲ್ಲಿ ಮೇಲಕ್ಕೇರುತ್ತದೆ. ಪಾಸ್ಕಲ್, ಬಾಯ್ಲ್ ಇಬ್ಬರಿಗಿಂತ ಹತ್ತೊಂಬತ್ತು ಶತಮಾನ ಮೊದಲೇ ಆರ್ಕಿಮಿಡೀಸ್ ಬಿಡಿಸಿದ್ದ ಒಗಟು ಇದು. ನನ್ನ ಕಾರಿನ ಗಾಳಿ ಕ್ಯಾಲಿಪರಿನ ಅಟ್ಟದಲ್ಲಿ ಹಾಯಾಗಿ ಕೂತಿತ್ತು. ನಾವು ಕೆಳಗಿನ ಬಾಗಿಲು ತೆರೆದು ಅದನ್ನು ಕಾಯುತ್ತಿದ್ದೆವು.

ಬದಲಿಸಿ ಕೂರಿಸಲು ಮುಕ್ಕಾಲು ಗಂಟೆ ಹಿಡಿಯಿತು. ಹೊಡಿ, ಹಿಡಿ, ಬಿಡು. ಈ ಸಲ ಪೈಪಿನಲ್ಲಿ ಗುಳ್ಳೆಗಳ ಸಾಲೇ ಹೊರಟಿತು, ಕುದಿಯುವ ಸಾರಿನ ಹಾಗೆ. ನಾಲ್ಕನೆಯ ಸುತ್ತಿಗೆ ಹುಡುಗ ಒಳಗಿನಿಂದಲೇ ಕೂಗಿದ: "ಅಣ್ಣಾ, ಕಲ್ಲಾಯ್ತು!" ಎಂಜಿನ್ ಚಾಲೂ ಮಾಡಿ ಅರ್ಧ ನಿಮಿಷ ಬಲವಾಗಿ ಒತ್ತಿ ಹಿಡಿದೆ, ಪೆಡಲ್ ಜಾರ‍ಲಿಲ್ಲ. ಶೆಡ್ಡಿನ ಮುಂದೆಯೇ ನಿಧಾನವಾಗಿ ನಾಲ್ಕು ಸಲ ಓಡಿಸಿ ನಿಲ್ಲಿಸಿ ನೋಡಿದ ಮೇಲೆಯೇ ಮೇಸ್ತ್ರಿ ಹೋಗಲು ಬಿಟ್ಟದ್ದು. ಘಾಟಿಯನ್ನು ಎರಡನೆಯ ಗೇರಿನಲ್ಲಿ ಇಳಿದೆ.

ಹೊರಡುವ ಮೊದಲು ಅವರು ಇನ್ನೊಂದು ಕೆಲಸ ಮಾಡಿದ್ದರು. ಬ್ರೇಕ್ ಆಯಿಲ್ ಡಬ್ಬಿಯ ಮೇಲೆ ಒಂದು ತುಂಡು ಬಿಳಿ ಟೇಪ್ ಅಂಟಿಸಿ, ಪೆನ್ನಿನಲ್ಲಿ ಅವತ್ತಿನ ತಾರೀಖು ಬರೆದಿದ್ದರು. ನಿಮ್ಮ ಕಾರಿನ ಬಾನೆಟ್ಟನ್ನೂ ಇವತ್ತೇ ಎತ್ತಿ ನೋಡಿ. ಡಬ್ಬಿಯ ಮೇಲೆ ತಾರೀಖಿಲ್ಲದಿದ್ದರೆ, ಆಯಿಲ್ ಕೊನೆಯ ಸಲ ಯಾವಾಗ ಬದಲಾಯಿತೆಂದು ನಿಮಗೂ ನೆನಪಿಲ್ಲದಿದ್ದರೆ, ಮುಂದಿನ ಘಾಟಿಗೆ ಮೊದಲು ಬದಲಿಸಿ ತಾರೀಖು ಬರೆದಿಡಿ.